ಕೊಲ್ಹಾರದ ಇಂದುಬಾಯಿ ಹೊಲಿದ ಗುರುತು

ಕೇಳಿರಿ, ತಾಯಂದಿರೇ, ತಂದೆಗಳೇ. ಕೈಯೊಳಗಿನ ಕೆಲಸವನ್ನು ಒಂದಿಷ್ಟು ಬದಿಗಿರಿಸಿ ಕೇಳಿರಿ. ಇಪ್ಪತ್ತೆರಡು ವರ್ಷ ಹೊಲಿಗೆಯಂತ್ರದ ಮುಂದೆ ಕುಳಿತ ಒಬ್ಬ ಹೆಣ್ಣುಮಗಳ ಕಥೆಯನ್ನು ಹೇಳುತ್ತೇನೆ. ಮಕ್ಕಳ ನೃತ್ಯ ಸ್ಪರ್ಧೆಯ ಕಥೆಯೂ ಹೌದು ಇದು. ಕುಣಿತದಲ್ಲಿ ದೇವರ ಮಾತೇನಿದೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೊನೆಯವರೆಗೆ ಕೇಳಿ, ಆಮೇಲೆ ನೀವೇ ಹೇಳಿರಿ.

ಕೊಲ್ಹಾರದ ಇಂದುಬಾಯಿಗೆ ಸುಮ್ಮನೆ ಕೂಡಲು ಬರುವುದಿಲ್ಲ. ಯಂತ್ರದ ಮುಂದೆ ಇಲ್ಲದಾಗಲೂ ಆಕೆಯ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತಾಗ, ಬಸ್ಸಿನಲ್ಲಿ ಕೂತಾಗ, ಪ್ರವಚನಕ್ಕೆ ಬಂದು ಮೊದಲ ಸಾಲಿನಲ್ಲಿ ಕೂತಾಗಲೂ ಆ ಕಾಲು ಕಾಣದ ಯಂತ್ರವೊಂದನ್ನು ತುಳಿಯುತ್ತದೆ. ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಹೋಗಿ, ಜನ ಸಾಮಾನು ಹೊತ್ತು ಹೊಸ ಊರಿಗೆ ಬಂದ ಕಾಲದಲ್ಲಿ ಆಕೆಯ ಗಂಡ ತೀರಿಕೊಂಡ. ಆಗ ಆಕೆಗೆ ಮೂವತ್ತಮೂರು. ಟ್ರ್ಯಾಕ್ಟರಿನಿಂದ ಎಲ್ಲಕ್ಕಿಂತ ಮೊದಲು ಆಕೆ ಇಳಿಸಿಕೊಂಡದ್ದು ಹೊಲಿಗೆಯಂತ್ರವನ್ನು. ಅಂದು ಸಂಜೆಯೇ ಗೋಡೆ ಇಲ್ಲದ ಮನೆಯ ಮುಂದೆ ಅದನ್ನಿಟ್ಟು ತುಳಿಯತೊಡಗಿದಳಂತೆ. ನಿಲ್ಲಿಸಿದರೆ ಅಳು ಬರುತ್ತದೆಂಬ ಹೆದರಿಕೆ. ಆ ಹೆದರಿಕೆ ಹೋದರೂ ಕಾಲಿನ ಚಟ ಹೋಗಲಿಲ್ಲ.

ಓಣಿಯ ಹುಡುಗಿಯರ ನೃತ್ಯ ತಂಡಕ್ಕೆ ಏಳು ವರ್ಷಗಳಿಂದ ಉಡುಗೆ ಹೊಲಿಯುವವಳು ಇಂದುಬಾಯಿಯೇ. ತಂಡದಲ್ಲಿ ಎಂಟು ಮಕ್ಕಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿ ಸ್ಪರ್ಧೆಯಾದರೂ ಸೂಜಿ, ದಾರ, ಪಿನ್ನುಗಳ ಡಬ್ಬಿ ಹಿಡಿದು ಜೊತೆಗೆ ಹೋಗುತ್ತಾಳೆ. ಕುಣಿಯುವಾಗ ಸೆರಗು ಜಾರಬಾರದೆಂದು ಮಕ್ಕಳನ್ನು ನಿಲ್ಲಿಸಿಕೊಂಡು ಮೈಮೇಲೆಯೇ ನಾಲ್ಕು ಕಚ್ಚಾ ಹೊಲಿಗೆಯ ಟಾಕಿ ಹಾಕುತ್ತಾಳೆ. ಕುಣಿದು ಬಂದ ಮೇಲೆ ಹಲ್ಲಿನಿಂದ ದಾರ ಕಡಿದು ಬಿಡಿಸುತ್ತಾಳೆ. ಹೀಗೆ ಏಳು ವರ್ಷ ಪರದೆಯ ಹಿಂದೆಯೇ ಇದ್ದುದರಿಂದ ತಾನು ಸಿಂಗರಿಸಿದ ಮಕ್ಕಳ ಕುಣಿತವನ್ನು ಒಮ್ಮೆಯೂ ಎದುರಿನಿಂದ ಕಂಡವಳಲ್ಲ. ಕಾಲ್ಗೆಜ್ಜೆಯ ಸದ್ದಿನಿಂದಲೇ ಯಾರು ತಪ್ಪಿದರು, ಯಾರು ತಪ್ಪಲಿಲ್ಲ ಎಂದು ಹೇಳಬಲ್ಲಳು, ಅಷ್ಟೆ.

ಕಳೆದ ವರ್ಷ ಮುದ್ದೇಬಿಹಾಳದಲ್ಲಿ ಒಂದು ಸಣ್ಣ ಮಾತು ಆಕೆಯ ಕಿವಿಗೆ ಬಿತ್ತು. ತಂಡದಲ್ಲಿ ಮಾಲಾ ಎಂಬ ಹದಿಮೂರರ ಹುಡುಗಿ. ಕುರಿ ಕಾಯುವ ಶೇವಂತೆವ್ವನ ಒಬ್ಬಳೇ ಮಗಳು, ತಂದೆ ಇಲ್ಲ. ಅಂದು ಕುರಿ ಬಿಟ್ಟು, ಎರಡು ಬಸ್ಸು ಬದಲಿಸಿ, ಶೇವಂತೆವ್ವ ಮಗಳ ಕುಣಿತ ನೋಡಲು ಬಂದಿದ್ದಳು. ಕುಣಿತ ಮುಗಿದು ವ್ಯಾನಿನ ಹತ್ತಿರ ಬಂದಾಗ ಮಾಲಾ ಕೇಳಿದಳು:

“ಯವ್ವಾ, ನನ್ನ ನೋಡಿದ್ಯೇನ?”

“ನೋಡದೇನವ್ವಾ! ಕಣ್ಣ ಮಿಟಗಿಸಲಿಲ್ಲ. ಆ ಬಲಗಡಿ ತುದಿಗೆ ನಿಂತು ಎಷ್ಟ ಚಲೋ ಕುಣದಿ.”

ಮಾಲಾ ನಿಂತದ್ದು ನಟ್ಟನಡುವೆ. ಬಲತುದಿಗೆ ನಿಂತವಳು ಚನ್ನವ್ವನ ಮಗಳು ವಿದ್ಯಾವತಿ. ಎಂಟೂ ಮುಖಕ್ಕೆ ಒಂದೇ ಬಿಳಿ ಪೌಡರು, ಒಂದೇ ಅಳತೆಯ ಕುಂಕುಮ, ಒಂದೇ ಚೌರಿ, ಒಂದೇ ಸೀರೆ. ಹಿಂದಿನ ಸಾಲಿನಲ್ಲಿ ಕೂತ ತಾಯಿ ಯಾರನ್ನು ಯಾರೆಂದು ತಿಳಿಯಬೇಕು? ನಾಲ್ಕು ನಿಮಿಷವೂ ಆಕೆ ಬೇರೆಯವರ ಮಗಳನ್ನು ನೋಡಿ ಕಣ್ಣೀರು ಒರೆಸಿಕೊಂಡಿದ್ದಳು. ಮಗಳು “ಹೂಂ ಯವ್ವಾ” ಎಂದು ತಲೆಯಾಡಿಸಿ, ವ್ಯಾನು ಹತ್ತಿ, ನಿಡಗುಂದಿ ದಾಟುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಪಕ್ಕದಲ್ಲಿ ಕೂತ ಇಂದುಬಾಯಿಯ ಕಾಲು ಅಂದು ಎಂದಿಗಿಂತ ಜೋರಾಗಿ ತುಳಿಯಿತು.

ಎದುರಿನಿಂದ ಎಂದೂ ಕುಣಿತ ನೋಡದ ಇಂದುಬಾಯಿಗೆ ಅಂದು ಒಂದು ಸತ್ಯ ಹೊಳೆಯಿತು. ಬಹುಮಾನ ಎಷ್ಟು ಮಕ್ಕಳಿಗೆ ಸಿಕ್ಕೀತು? ಒಂದು ತಂಡಕ್ಕೆ, ಎರಡು ತಂಡಕ್ಕೆ. ಮಿಕ್ಕ ಮಕ್ಕಳು ಮನೆಗೆ ಒಯ್ಯುವುದು ತಮ್ಮವರು ತಮ್ಮನ್ನು ನೋಡಿದರೆಂಬ ಸಂತೋಷ ಒಂದನ್ನೇ. ಅದೂ ಇಲ್ಲವಾದರೆ, ಆ ಬಿಸಿಲಿನಲ್ಲಿ ಬಣ್ಣ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಸರದಿ ಕಾಯುವುದು ಬರಿಯ ದಂಡನೆ.

ಈ ವರ್ಷದ ಸ್ಪರ್ಧೆ ಬಸವನ ಬಾಗೇವಾಡಿಯಲ್ಲಿ ಎಂದು ಗೊತ್ತಾದ ದಿನವೇ ಇಂದುಬಾಯಿ ನೃತ್ಯ ಕಲಿಸುವ ಚೇತನಕುಮಾರನನ್ನು ಕರೆಸಿದಳು. ನಿಡಗುಂದಿಯ ಹುಡುಗ, ಒಳ್ಳೆಯವನು. ಮೂರು ವರ್ಷದಿಂದ ಬಹುಮಾನದ ಹತ್ತಿರ ಹೋಗಿ ಹೋಗಿ ತಪ್ಪಿಸಿಕೊಂಡವನು.

“ಮಾಸ್ತರ, ಈ ಸಲ ಒಂದೊಂದು ಕೂಸಿನ ಸೊಂಟಕ್ಕ ಒಂದೊಂದು ನಮೂನಿ ಖಣದ ಪಟ್ಟಿ ಕಟ್ಟೂಣು. ಖಣ ಅವರವರ ಮನಿಯಿಂದನ ಬರಲಿ. ತಮ್ಮ ಟ್ರಂಕಿನ ಖಣ ಯಾ ತಾಯಿಗೆ ಗುರುತ ಸಿಗಂಗಿಲ್ಲ?”

“ಕಾಕಿ, ಉಡುಗಿ ಒಂದ ನಮೂನಿ ಇರಬೇಕರಿ. ಅದಕ್ಕ ಹತ್ತ ಅಂಕ ಅದಾವ.”

“ಒಂದ ಗೇಣ ಪಟ್ಟಿಗೆ ನಿಮ್ಮ ಹತ್ತ ಅಂಕ ಓಡಿಹೋಗತಾವೇನ?”

ಚೇತನಕುಮಾರ ತಲೆ ಕೆರೆದುಕೊಂಡು ಒಪ್ಪಿದ.

ಖಣವೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬರಿಯ ಕುಪ್ಪಸದ ಬಟ್ಟೆಯಲ್ಲ. ಅಕ್ಕಿ, ಕೊಬ್ಬರಿಯೊಡನೆ ಉಡಿಗೆ ಬಿದ್ದ ಮಂಗಳದ ಕಾಣಿಕೆ. ಟ್ರಂಕಿನ ತಳದಲ್ಲಿ ಮಡಿಚಿಟ್ಟ ಒಂದೊಂದು ಖಣವೂ ಯಾರ ಮನೆಯಲ್ಲಿ, ಯಾವ ಕಾರ್ಯದಲ್ಲಿ ಬಂದದ್ದೆಂದು ಮನೆಯೊಡತಿಗೆ ನೆನಪಿರುತ್ತದೆ. ಇಂದುಬಾಯಿಯ ಯೋಚನೆ ಸರಿಯಾಗಿಯೇ ಇತ್ತು.

ಶುಕ್ರವಾರ ಸಂಜೆ ಮಕ್ಕಳು ಕಾಗದದ ಪೊಟ್ಟಣಗಳನ್ನು ತಂದರು. ಚನ್ನವ್ವ ತಾನೇ ಬಂದು ಕಟ್ಟೆಯ ಮೇಲೆ ಕೂತಳು. ಇಂದುಬಾಯಿ ಮೊದಲ ಪೊಟ್ಟಣ ಬಿಚ್ಚಿದಳು: ಹಸಿರು ಮೈ, ಕೆಂಪು ಅಂಚು, ಸಣ್ಣ ಬುಟ್ಟಾ. ಎರಡನೆಯದು: ಹಸಿರು ಮೈ, ಕೆಂಪು ಅಂಚು, ಸಣ್ಣ ಬುಟ್ಟಾ. ಮೂರನೆಯದನ್ನು ಬಿಚ್ಚುವಾಗಲೇ ಚನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಅಯ್ಯ ಶಿವನ! ಎಲ್ಲಾ ಮಡಿವಾಳಪ್ಪಗೌಡರ ಮನಿ ಮದುವಿದು! ಗೌಡಸಾನಿ ಒಂದ ಗಂಟಿನಾಗ ಇಡೀ ಓಣಿ ಉಡಿ ತುಂಬಿದ್ಲಲ್ಲ. ನಾ ಅಂದೆ, ಇದ ಒಂದರೆ ಯಾರೂ ಕೊಡಂಗಿಲ್ಲ, ಬಣ್ಣ ಗಾಢ ಐತಿ ಅಂತ ಹುಡುಕಿ ಕೊಟ್ಟೇನಿ!”

“ನೀ ಹುಡುಕಿದಿ, ಅವರೂ ಹುಡುಕ್ಯಾರ” ಎಂದು ಇಂದುಬಾಯಿ ನಕ್ಕಳು. ಏಳೂ ಪೊಟ್ಟಣಗಳಲ್ಲಿ ಒಂದೇ ಖಣ. ಬೇರೆ ಬೇರೆಯಾಗಿ ಕಾಣಲೆಂದು ಏಳು ಟ್ರಂಕುಗಳಿಂದ ಹೆಕ್ಕಿ ತಂದದ್ದು ಒಂದೇ ಗಂಟಿನ ಬಟ್ಟೆ! ಸುದ್ದಿ ಕೇಳಿ ಬಂದ ಚೇತನಕುಮಾರನಂತೂ ಕೈ ಮುಗಿದ. “ಹೀಂಗಽ ಹೊಲದ ಬಿಡ್ರಿ ಕಾಕಿ. ದೇವರಽ ಒಂದ ನಮೂನಿ ಮಾಡಿ ಕೊಟ್ಟಾನ!”

ಆಗ ಇಂದುಬಾಯಿ ಬೆರಳು ಮಡಿಚಿ ಎಣಿಸಿದಳು. ಏಳು. ಎಂಟನೆಯವಳು ಬಾಗಿಲ ಬದಿಯಲ್ಲಿ ಗೋಡೆಗೆ ಆತು ನಿಂತಿದ್ದಳು, ಕೈ ಖಾಲಿ.

“ಮಾಲಾ, ನಿಂದೆಲ್ಲೆವ್ವಾ?”

“ನಮ್ಮ ಮನ್ಯಾಗ ಖಣ ಇಲ್ರಿ ಕಾಕಿ. ಅಪ್ಪ ಹೋದಮ್ಯಾಲೆ ನಮಗ ಯಾರೂ ಉಡಿ ತುಂಬಂಗಿಲ್ಲಂತ, ಯವ್ವ ಹೇಳಿದ್ಲು.”

ಕಟ್ಟೆಯ ಮೇಲಿನ ನಗು ಅಲ್ಲಿಗೇ ನಿಂತಿತು. ಚನ್ನವ್ವ ಸೆರಗು ಸರಿಪಡಿಸಿಕೊಂಡು ಎಲ್ಲೋ ನೋಡಿದಳು.

ಆ ಮಾತು ಇಂದುಬಾಯಿಯ ಎದೆಯಲ್ಲಿ ಹೇಗೆ ಇಳಿಯಿತೆಂಬುದನ್ನು ನೀವು ತಿಳಿಯಬೇಕು. ಇಪ್ಪತ್ತೆರಡು ವರ್ಷದಿಂದ ಆಕೆಯ ಉಡಿಗೂ ಯಾರೂ ಒಂದು ಹಿಡಿ ಅಕ್ಕಿ ಹಾಕಿಲ್ಲ. ಮಡಿವಾಳಪ್ಪಗೌಡರ ಮನೆಯ ಮದುವೆಯ ಇಪ್ಪತ್ತು ಕುಪ್ಪಸಗಳನ್ನು ಹೊಲಿದುಕೊಟ್ಟು, ಉಡಿ ತುಂಬುವ ಹೊತ್ತಿಗೆ ಯಾರೂ ಹೇಳದೆಯೇ ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದವಳು ಆಕೆ. ಪ್ರತಿಯೊಬ್ಬರೂ ಮನೆಯಿಂದ ಖಣ ತರಲಿ ಎಂದವಳೂ ಆಕೆಯೇ! ಖಣವಿಲ್ಲದ ಮನೆಯೊಂದಿದೆ ಎಂಬುದನ್ನು ಆ ಊರಿನಲ್ಲಿ ಯಾರು ಮರೆತರೂ ತಾನು ಮರೆಯಬಾರದಿತ್ತು. ಬಲಗಾಲು ನೆಲವನ್ನು ತುಳಿಯತೊಡಗಿತು.

ಚೇತನಕುಮಾರ ಮೆಲ್ಲಗೆ ಹೊರಗೆ ಹೋಗಿ, ಗೌಡರ ಮನೆಯಿಂದ ಉಳಿದ ಒಂದು ಖಣವನ್ನು ಕೇಳಿ ತಂದ. ಈಗ ಎಂಟು ಪಟ್ಟಿ. ಲೆಕ್ಕ ಸರಿಯಾಯಿತೆಂದು ಆತ ಹಗುರಾದ. ಇಂದುಬಾಯಿ ಎಂಟನ್ನೂ ಹೊಲಿದಳು. ಆದರೆ ಎಂಟನೆಯದನ್ನು ಹೊಲಿಯುವಾಗ ದಾರ ಮೂರು ಸಲ ಹರಿಯಿತು. ಇದನ್ನು ಕಟ್ಟಿಕೊಂಡರೆ ಆ ತಾಯಿ ಮತ್ತೆ ಬಲತುದಿಯವಳನ್ನೇ ನೋಡುತ್ತಾಳೆ.

ಶನಿವಾರ ಮುಂಜಾನೆ ಆಕೆ ಹಿನ್ನೀರಿನ ಬದಿಯ ದೊಡ್ಡಿಗೆ ನಡೆದಳು. ಶೇವಂತೆವ್ವ ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು.

“ಬರ್ರಿ ಬಾಯಾರ. ನೀವಽ ಬಂದೀರಿ ಅಂದ್ರ ಮಗಳು ಏನೋ ಮಾಡ್ಯಾಳ.”

“ನಿನ್ನ ಮಗಳಲ್ಲ, ನಾ ಮಾಡೇನಿ ತಪ್ಪು. ಖಣ ತಾ ಅಂದೆ.”

ಶೇವಂತೆವ್ವ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ ಎಸೆದಳು. “ಊರವರು ಅಂದಿದ್ರ ಬಿಡ್ರಿ ಅಂತಿದ್ದೆ. ನೀವೂ ನನ್ನಂಗ ಅಲ್ರಿ? ನೀವಽ ಮರತರ ಹ್ಯಾಂಗರಿ?”

ಕುರಿಮರಿ ಇಬ್ಬರ ನಡುವೆ ಕುಂಟುತ್ತ ಹೋಯಿತು.

“ನಾಳೆ ಬಾಗೇವಾಡಿಗೆ ಬರತೀಯಲ್ಲ?”

“ಏನ ನೋಡಾಕ ಬರ್ಲಿ? ಹೋದ ವರ್ಷ ಕಂಡವರ ಮಗಳನ್ನ ನೋಡಿ ಬಂದೇನಿ. ಆಕಿ ಬಾಯಿಬಿಟ್ಟ ಹೇಳಿಲ್ಲರಿ. ವಾರ ಆದಮ್ಯಾಲೆ ಮೊಬೈಲಿನಾಗಿನ ಫೋಟೊ ತೋರಿಸಿದ್ರು, ಆವಾಗ ಗೊತ್ತಾತು. ಹಡದ ಹೊಟ್ಟಿಗೆ ಗುರುತ ಸಿಗಲಿಲ್ಲಲ್ಲ ಅಂತ...”

ಇಂದುಬಾಯಿಯ ಕಣ್ಣು ಆಕೆಯ ಹೆಗಲ ಮೇಲಿನ ಕರಿಕಂಬಳಿಯ ಮೇಲೆ ನಿಂತಿತು. “ಇದರಾಗಿಂದು ಒಂದ ಪಟ್ಟಿ ಕೊಡು.”

“ಕಂಬಳಿಗೆ ಕತ್ತರಿ ಹಚ್ಚಂಗಿಲ್ರಿ ನಮ್ಮ ಮನ್ಯಾಗ. ಇದು ನಮ್ಮ ಮನಿಯವರು ಹೊದ್ದದ್ದು.” ಆದರೂ ಶೇವಂತೆವ್ವ ಕಂಬಳಿಯನ್ನು ತೊಡೆಯ ಮೇಲೆಳೆದುಕೊಂಡು ಅಂಚನ್ನು ಸವರಿದಳು. ಅಲ್ಲಿ ಇಳಿಬಿದ್ದ ಎಳೆಗಳಿದ್ದವು. ಒಂದೊಂದನ್ನೇ ಬಿಡಿಸಿ ಎಳೆದು, ದೊಡ್ಡಿಯ ಬೇಲಿಗೆ ಸಿಕ್ಕಿದ್ದ ಬಿಳಿ ಉಣ್ಣೆಯನ್ನು ಬೆರೆಸಿ, ತೊಡೆಯ ಮೇಲೆ ಅಂಗೈಯಿಂದ ಹೊಸೆಯತೊಡಗಿದಳು. ಬಿಸಿಲು ಏರುವಷ್ಟರಲ್ಲಿ ಹೆಬ್ಬೆರಳ ದಪ್ಪದ, ಕರಿಬಿಳಿ ಸುರುಳಿಯ ಒಂದು ಹುರಿ ಸಿದ್ಧವಾಯಿತು.

“ಇದ ಆದ್ರ ಎಷ್ಟ ದೂರ ಇದ್ರೂ ಕಾಣ್ತೈತಿ ನನಗ. ಬರ್ತೇನಿ, ಖಾತ್ರಿ ಹೇಳಂಗಿಲ್ಲ. ಕುರಿ ಮುಳವಾಡದ ಕಡೆ ಹೊಂಟಾವು. ತಮ್ಮ ಮಾಳಿಂಗ ಬಂದ್ರ ಅವನ ಕೈಯಾಗ ಬಿಟ್ಟು ಬಸ್ ಹತ್ತತೇನಿ.”

ಇಂದುಬಾಯಿ ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಆದರೆ ಚೇತನಕುಮಾರನಿಗೆ ಹೇಳಲಿಲ್ಲ. ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಶನಿವಾರ ಕಳೆಯಿತು. ಭಕ್ತರೂ ಇಂಥ ಕಡೆ ಹೆದರುತ್ತಾರೆ. ಅದನ್ನು ಮುಚ್ಚಿಟ್ಟು ಕಥೆ ಹೇಳಲಾರೆ.

ಭಾನುವಾರ ಗೈಬುಸಾಬನ ಕ್ರೂಸರ್ ವ್ಯಾನಿನಲ್ಲಿ ಎಂಟು ಮಕ್ಕಳು, ಅವರ ಮನೆಯವರು, ರೊಟ್ಟಿಯ ಬುತ್ತಿಗಳು, ಮೊಸರಿನ ಗಡಿಗೆ ಎಲ್ಲವೂ ಒಂದರ ಮೇಲೊಂದು ಹತ್ತಿದವು. ಶೇವಂತೆವ್ವ ಬಂದಿರಲಿಲ್ಲ. ದಾರಿಯುದ್ದಕ್ಕೂ ಇಂದುಬಾಯಿಯ ಕಾಲು ತಡೆಯಲಿಲ್ಲ.

“ಬಾಯಾರ, ಬ್ರೇಕ್ ನನ್ನ ಕಡೆ ಐತ್ರಿ, ನೀವು ತುಳಿಯೂದು ಬಿಡ್ರಿ” ಎಂದ ಗೈಬುಸಾಬ. ಎಲ್ಲರೂ ನಕ್ಕರು. ಮಾಲಾ ನಗಲಿಲ್ಲ, ಹಿಂದಿನ ಗಾಜಿನಲ್ಲಿ ರಸ್ತೆಯನ್ನೇ ನೋಡುತ್ತಿದ್ದಳು.

ಬಸವಣ್ಣನವರು ಹುಟ್ಟಿದ ನೆಲದಲ್ಲಿ ಅಂದು ಹದಿನಾಲ್ಕು ತಂಡಗಳು ಸೇರಿದ್ದವು. ಶಾಮಿಯಾನದ ಕೆಳಗೆ ಕುರ್ಚಿಗಳು ಸಾಲದೆ ಜನ ಕಟ್ಟೆಯ ಮೇಲೂ ಗೋಡೆಯ ಮೇಲೂ ಕೂತಿದ್ದರು. ಇಂಡಿಯ ಮಕ್ಕಳ ಅಜ್ಜಿಯರು ಎಲೆ ಸಂಚಿ ಬಿಚ್ಚಿದ್ದರು. ಸಿಂದಗಿಯ ತಂಡದ ಅಪ್ಪಂದಿರು ತಮ್ಮ ಮಕ್ಕಳು ಬರುವ ಮೊದಲೇ ಸಿಳ್ಳೆಯ ಅಭ್ಯಾಸ ನಡೆಸಿದ್ದರು. ಕೊಲ್ಹಾರದ ಸರದಿ ಒಂಬತ್ತನೆಯದು. ಐದನೆಯ ತಂಡ ಕುಣಿಯುವಾಗ ಪರದೆಯ ಹಿಂದೆ ಇಂದುಬಾಯಿ ಏಳು ಮಕ್ಕಳ ಸೊಂಟಕ್ಕೆ ಖಣದ ಪಟ್ಟಿ ಹೊಲಿದು ಮುಗಿಸಿದಳು. ಎಂಟನೆಯವಳಿಗೆ ಕರಿಹುರಿ ಕಟ್ಟಿದಳು. ಆಗ ಚೇತನಕುಮಾರ ಬಂದ.

“ಇದೇನ್ರಿ ಕಾಕಿ!”

ಇಂದುಬಾಯಿ ಬಾಯೊಳಗಿನ ಸೂಜಿ ತೆಗೆದು ಎಲ್ಲವನ್ನೂ ಹೇಳಿದಳು: ಮುದ್ದೇಬಿಹಾಳದ ಮಾತು, ದೊಡ್ಡಿಯ ಮಾತು, ತನ್ನ ಮರೆವು, ನಿನ್ನೆಯಿಂದ ಮುಚ್ಚಿಟ್ಟ ಹೆದರಿಕೆ. ಹುಡುಗ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

“ಏಳು ಹಸರ, ಒಂದು ಕರಿ. ನೋಡಿದವರು ಹುಡುಗಿ ಪಟ್ಟಿ ಕಳಕೊಂಡಾಳ ಅಂತಾರ. ಮೂರು ವರ್ಷ ಆತರಿ ಕಾಕಿ. ಈ ಸಲ ಇವರು ಗೆಲ್ಲೂ ಹಂಗ ಕುಣೀತಾರ.” ಅಷ್ಟು ಹೇಳಿ ನಿರ್ಣಾಯಕರ ಮೇಜಿನ ಕಡೆಗೆ ಹೋದ. ತಿರುಗಿ ಬಂದಾಗ ಮುಖ ಬಾಡಿತ್ತು. “ಕುಣೀಬಹುದಂತ. ಆದ್ರ ಬ್ಯಾರೆ ಕಂಡ್ರ ಹತ್ತೂ ಅಂಕ ಹೋಗತಾವಂತ. ನಿಯಮ.”

ಮಾಲಾ ಸದ್ದಿಲ್ಲದೆ ಹುರಿಯ ಗಂಟಿಗೆ ಕೈ ಹಾಕಿದಳು. “ಬಿಚ್ಚತೇನ್ರಿ ಸರ. ಯವ್ವ ಹೆಂಗೂ ಬಂದಿಲ್ಲ.”

ಆಗ ಮಾತಾಡಿದವಳು ವಿದ್ಯಾವತಿ. ಹೋದ ವರ್ಷ ಬೇರೊಬ್ಬ ತಾಯಿಯ ಕಣ್ಣೀರಿಗೆ ತಿಳಿಯದೆ ಪಾತ್ರಳಾದವಳು.

“ಬಿಚ್ಚಬ್ಯಾಡ ತಡಿಯೇ. ಸರ, ನಮ್ಮವ್ವನೂ ಹೋದ ವರ್ಷ ನನ್ನ ಬಿಟ್ಟು ಈಕಿನ್ನಽ ನೋಡ್ಯಾಳ. ವಿಡಿಯೊ ಮಾಡೀನಿ ಅಂತ ತೋರಿಸಿದ್ಲು, ನಾಲ್ಕೂ ನಿಮಿಷ ಮಾಲಾನಽ ಅದಾಳ! ನಮಗೂ ಬ್ಯಾರೆ ಬ್ಯಾರೆ ಬೇಕರಿ.”

“ಹೌದ್ರಿ ಸರ” ಎಂದಳು ಮತ್ತೊಬ್ಬಳು. “ನಮ್ಮಪ್ಪ ಅಂತೂ ಎಲ್ಲಾರಿಗೂ ಚಪ್ಪಾಳಿ ಹೊಡಿತಾನ, ಯಾವುದಕ್ಕ ಹೊಡದ್ರ ನನಗ ಮುಟ್ಟತೈತಿ ಅಂತ ಗೊತ್ತಾಗಂಗಿಲ್ಲಂತ ಅಂವಗ.”

“ಬಹುಮಾನ?” ಎಂದ ಚೇತನಕುಮಾರ. ಎಂಟೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹುಮಾನ ಬೇಡವೆನ್ನುವಷ್ಟು ಸಂತರಲ್ಲ ಅವರು, ಮಕ್ಕಳು. ವಿದ್ಯಾವತಿ ತುಟಿ ಕಚ್ಚಿ ಹೇಳಿದಳು: “ಅಂಕ ಹೋಗಿದ್ದಕ್ಕ ಇನ್ನಷ್ಟ ಜೋರ ಕುಣೀತೇವಿ. ಆದರೂ ಬರದಿದ್ರ... ಬರದಿದ್ರ ನೀವು ಬೈಬ್ಯಾಡ್ರಿ.”

ಚೇತನಕುಮಾರ ಎರಡೂ ಕೈ ಚೆಲ್ಲಿದ. “ಏಳನೇ ತಂಡ ಏರೈತಿ. ಕಾಕಿ, ಆಗತೈತೇನ?”

ಆಗತೈತೇನ! ಇಂದುಬಾಯಿ ಪರದೆ ಸರಿಸಿ ತಾಯಂದಿರು ಕೂತ ಕಡೆಗೆ ಓಡಿದಳು. ಐವತ್ತೈದರ ಆ ಹೆಂಗಸು ಓಡುವುದನ್ನು ಊರವರು ಅದೇ ಮೊದಲು ಕಂಡದ್ದು. “ಏನರ ಕೊಡ್ರಿ, ನಿಮ್ಮ ಮನೀದು, ನಿಮ್ಮ ಕಣ್ಣಿಗೆ ಗುರುತ ಸಿಗೂ ಹಂಗ. ಲಗೂನ!”

“ಏನಂದ್ರ ಏನ ಕೊಡೂದಽ?” ಎನ್ನುತ್ತಲೇ ಚನ್ನವ್ವ ಬುತ್ತಿ ಬಿಚ್ಚಿ, ರೊಟ್ಟಿಯನ್ನು ಪಕ್ಕದವಳ ಮಡಿಲಿಗೆ ಸುರಿದು, ಸುತ್ತಿದ ಹಳದಿ ಚೌಕುಳಿ ಬಟ್ಟೆಯನ್ನು ಎಸೆದಳು. “ತಗೋರಿ. ಶೇಂಗಾ ಚಟ್ನಿ ವಾಸನಿ ಬಂದೀತು, ನಮ್ಮ ವಿದ್ಯಾಗ ಅದಽ ಶಕ್ತಿ.” ಒಬ್ಬ ತಂದೆ ತಲೆಯ ಗುಲಾಬಿ ರುಮಾಲನ್ನೇ ಬಿಚ್ಚಿದ, ಹದಿನೈದು ವರ್ಷದಿಂದ ಹೆಂಡತಿಯೂ ಕಾಣದಿದ್ದ ಬೋಳು ಬಯಲಿಗೆ ಬಂತೆಂದು ಪಕ್ಕದವರು ಹಾಸ್ಯ ಮಾಡಿದರು. ಒಬ್ಬಳು ಮಡಿಲ ಕೂಸಿನ ಕುಂಚಿಗೆಯ ಕಸೆ ಬಿಚ್ಚಿದಳು. ಒಬ್ಬ ಅಜ್ಜಿ ಎಲೆ ಸಂಚಿಯ ಕೆಂಪು ಲಾಡಿ ಎಳೆದುಕೊಟ್ಟಳು. ಏಳು ಮನೆಗಳ ಏಳು ಗುರುತುಗಳು ಇಂದುಬಾಯಿಯ ಉಡಿಯೊಳಗೆ ಬಿದ್ದವು. ಇಪ್ಪತ್ತೆರಡು ವರ್ಷ ಬರಿದಾಗಿದ್ದ ಉಡಿ ಅದು. ಓಡುವ ಗಡಿಬಿಡಿಯಲ್ಲಿ ಆಕೆಗೆ ಅದು ಹೊಳೆಯಲಿಲ್ಲ. ದೂರದಲ್ಲಿ ನಿಂತು ಕಂಡವರಿಗೆ ಹೊಳೆಯಿತು.

ಎಂಟನೆಯ ತಂಡ ಮುಗಿಯುವಷ್ಟರಲ್ಲಿ ಖಣದ ಏಳು ಪಟ್ಟಿ ಬಿಚ್ಚಿ, ಏಳು ಹೊಸ ಗುರುತು ಕೂತವು. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ಕೊನೆಯ ಟಾಕಿ ಹಾಕಿ ದಾರ ಕಡಿಯುವಾಗ ಧ್ವನಿವರ್ಧಕದಲ್ಲಿ ಕೊಲ್ಹಾರದ ಹೆಸರು ಕೇಳಿತು. ಮಾಲಾ ಮೆಟ್ಟಿಲು ಹತ್ತುತ್ತ ಹಿಂತಿರುಗಿದಳು.

“ಕಾಕಿ, ಯವ್ವ ಬಂದಿಲ್ಲಂದ್ರ ನೀವರ ಮುಂದ ಹೋಗಿ ನೋಡ್ರಿ.”

ಇಂದುಬಾಯಿ ಪಿನ್ನಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಎದುರಿಗೆ ಬಂದಳು. ಗೇಟಿನ ಕಡೆ ನೋಡಿದಳು. ಐಸ್‌ಕ್ರೀಮಿನ ಗಾಡಿ, ಪೊಲೀಸಿನವ, ಬೇರೆ ಯಾರೂ ಇಲ್ಲ. ಹಾಡು ಶುರುವಾಯಿತು. ಮತ್ತೆ ನೋಡಿದಳು. ಆಗ ಗೇಟಿನಲ್ಲಿ, ಕಾಲಿಗೆಲ್ಲ ಕೆಂಪು ಧೂಳು ಮೆತ್ತಿಕೊಂಡು, ಹೆಗಲಿಗೆ ಕಂಬಳಿ ಹಾಕಿಕೊಂಡು ಶೇವಂತೆವ್ವ ಬಂದು ನಿಂತಳು. ಜನರ ತಲೆಗಳ ಮೇಲೆ ಹಾಯಿಸಿದ ಆಕೆಯ ನೋಟ ವೇದಿಕೆಯನ್ನು ಮುಟ್ಟಿತು. ಒಂದು ಕ್ಷಣ ಅತ್ತಿತ್ತ ತಡವರಿಸಿ ಅಲ್ಲೇ ನಿಂತಿತು.

“ಅಗಾ! ನನ್ನ ಮಗಳು!”

ಆ ಕೂಗಿಗೆ ಚನ್ನವ್ವ ಎದ್ದು ನಿಂತಳು: “ಅಗೋ, ನಮ್ಮ ರೊಟ್ಟಿ ಬಟ್ಟಿ! ಅಗೋ ವಿದ್ಯಾ!” ಬೋಳುತಲೆಯ ತಂದೆ ಕುರ್ಚಿಯನ್ನೇ ಏರಿದ. ಗೊತ್ತಿಲ್ಲದ ಸಿಂದಗಿಯವರು “ನಿಮ್ಮದ ಯಾವುದ್ರಿ?” ಎಂದು ಕೇಳುವುದು, ಇವರು ಬೆರಳು ಮಾಡಿ ತೋರಿಸುವುದು, ಅವರೂ ಆ ಮಗುವಿಗೆಂದೇ ಚಪ್ಪಾಳೆ ತಟ್ಟುವುದು. “ಕುಂದರ್ರಿ ತಾಯಿ, ಎಲ್ಲಾ ಅವ್ವಂದಿರೂ ಎದ್ದ ನಿಂತ್ರ ನನಗೇನ ಕಾಣಬೇಕು?” ಎಂದು ಗೈಬುಸಾಬ ಹಿಂದಿನಿಂದ ಕೂಗುತ್ತಿದ್ದ; ಯಾರಿಗೂ ಕೇಳಲಿಲ್ಲ. ವೇದಿಕೆಯ ಮೇಲೆ ಮಕ್ಕಳು ತಮ್ಮ ತಮ್ಮ ಹೆಸರು ಕೇಳಿ ಕೇಳಿ ಕುಣಿದರು. ಅಂಥ ಹುರುಪನ್ನು ಯಾವ ತಾಲೀಮು ತಂದೀತು? ಇಂದುಬಾಯಿ ಶೇವಂತೆವ್ವನ ಪಕ್ಕದಲ್ಲಿ ನಿಂತು, ತಾನು ಏಳು ವರ್ಷ ಸಿಂಗರಿಸಿದ ಕುಣಿತವನ್ನು ಮೊದಲ ಬಾರಿ ಕಂಡಳು. ಆ ನಾಲ್ಕು ನಿಮಿಷ ಆಕೆಯ ಬಲಗಾಲು ನೆಲದ ಮೇಲೆ ಸುಮ್ಮನೆ ಊರಿಕೊಂಡಿತ್ತು.

ಮೊದಲ ಬಹುಮಾನ ಇಂಡಿಗೆ ಹೋಯಿತು. ಎರಡು, ಮೂರು ಬೇರೆಯವರಿಗೆ. ಕೊಲ್ಹಾರ ನಾಲ್ಕನೆಯದು, ಹತ್ತು ಅಂಕ ಇದ್ದಿದ್ದರೆ ಎರಡನೆಯದು ಬರುತ್ತಿತ್ತು. ವಿದ್ಯಾವತಿ ಅತ್ತಳು. ಆಕೆ ಕೇಳಿಕೊಂಡಂತೆ ಚೇತನಕುಮಾರ ಬೈಯಲಿಲ್ಲ. ಗಡಿಗೆಯ ಮೊಸರನ್ನು ತಾನೇ ರೊಟ್ಟಿಗೆ ಹಾಕಿ ಕೊಟ್ಟ.

ಕ್ರೂಸರಿನ ಹತ್ತಿರ ಮಾಲಾ ತಾಯಿಯ ಮುಂದೆ ಬಂದು ನಿಂತಳು. ಪೌಡರು ಬೆವರಿಗೆ ಇಳಿದು ಮುಖ ಗೆರೆಗೆರೆಯಾಗಿತ್ತು. ಹೋದ ವರ್ಷದ ಅದೇ ಪ್ರಶ್ನೆ. ಈ ಸಲ ಧ್ವನಿ ಸಣ್ಣದಾಗಿತ್ತು.

“ಯವ್ವಾ, ನನ್ನ ನೋಡಿದ್ಯೇನ?”

ಶೇವಂತೆವ್ವ ಹುಬ್ಬು ಗಂಟು ಹಾಕಿದಳು. “ನೋಡಿದೆ. ಎರಡನೇ ಸಾಲಿನಾಗ ಎಡಗಡಿಂದ ಮೂರನೇದಾಕಿ. ನಡುವ ಎಲ್ಲಾರೂ ಬಲಗಾಲ ಮುಂದ ಹಾಕಿದ್ರ ನೀ ಎಡಗಾಲ ಹಾಕಿದಿ. ಯಾಕ ತಪ್ಪಿದೇ?”

ಮಾಲಾ ತಾಯಿಯ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತಲೇ ಕಂಬಳಿಯೊಳಗೆ ಮುಖ ಹುದುಗಿಸಿದಳು, ಬಿಳಿ ಪೌಡರೆಲ್ಲ ಕರಿಕಂಬಳಿಗೆ ಮೆತ್ತಿತು. “ತಪ್ಪೀನೇನ ಯವ್ವಾ? ಖರೇನ ತಪ್ಪೀನಿ? ನೀ ನೋಡಿದಿ?” ಹೋದ ವರ್ಷದ ಹೊಗಳಿಕೆಗೆ ಬಾರದ ಆನಂದ ಈ ಬೈಗುಳಕ್ಕೆ ಬಂದಿತ್ತು.

ಇಂದುಬಾಯಿ ಬಗ್ಗಿ, ಹಲ್ಲಿನಿಂದ ಎಂಟು ಮಕ್ಕಳ ಟಾಕಿ ಕಡಿದಳು. ವ್ಯಾನು ಹೊರಟಿತು. ಕೊಲ್ಹಾರದ ಸೇತುವೆ ಕಾಣುವ ಮೊದಲೇ ಆಕೆಯ ಕಾಲು ಮತ್ತೆ ತುಳಿಯತೊಡಗಿತ್ತು. ಚೀಲದಲ್ಲಿ ಎಂಟು ಹಸಿರು ಖಣದ ಪಟ್ಟಿಗಳಿದ್ದವು; ಯಾರೂ ಮರಳಿ ಕೇಳಲಿಲ್ಲ. ಅವು ಇಂದಿಗೂ ಆಕೆಯ ಯಂತ್ರದ ಖಾನೆಯಲ್ಲಿವೆ. ಕಳೆದ ವಾರ ಅದೇ ಓಣಿಯಲ್ಲಿ ಮತ್ತೊಂದು ಮನೆಯ ಕಾರ್ಯ ನಡೆಯಿತು. ಚನ್ನವ್ವ ಅಕ್ಕಿ, ಕೊಬ್ಬರಿ, ಖಣ ತಟ್ಟೆಯಲ್ಲಿಟ್ಟುಕೊಂಡು ಇಂದುಬಾಯಿಯ ಮನೆಯ ಮೆಟ್ಟಿಲವರೆಗೆ ಬಂದಳಂತೆ; ಒಂದಿಷ್ಟು ಹೊತ್ತು ನಿಂತು, ಧೈರ್ಯ ಸಾಲದೆ, “ಮುಂದಿನ ಸ್ಪರ್ಧೆ ಎಲ್ಲೈತ್ರಿ?” ಎಂದು ಬೇರೆ ಮಾತಾಡಿ ತಿರುಗಿ ಹೋದಳಂತೆ. ಆ ತಟ್ಟೆಯ ಮಾತು ಇನ್ನೂ ಮುಗಿದಿಲ್ಲ. ಅದನ್ನು ನೆನೆದಾಗಲೆಲ್ಲ ಕಥೆ ಹೇಳುವ ನನಗೂ ಕುಳಿತಲ್ಲಿ ಕೂಡಲಾಗುವುದಿಲ್ಲ.

ಆದ್ದರಿಂದ, ತಾಯಂದಿರೇ, ತಂದೆಗಳೇ, ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಸಲ ನಿಮ್ಮೂರಿನ ಸ್ಪರ್ಧೆಗೆ ಹೋಗುವಾಗ ನಿಮ್ಮ ಮಗುವಿನ ಮೈಮೇಲೆ ನಿಮ್ಮ ಕಣ್ಣು ಹಿಡಿಯುವ ಒಂದು ಗುರುತನ್ನು ಕಟ್ಟಿ ಕಳಿಸಿರಿ. ಕುಣಿದು ಬಂದ ಮೇಲೆ ಮಗು ಎಲ್ಲಿ ತಪ್ಪಿತು, ಎಲ್ಲಿ ಚೆಂದ ಕಂಡಿತು ಎಂದು ಬಾಯಿತುಂಬ ಹೇಳಿರಿ. ನೋಡುವವರು ಬಾರದ ಮಗು ಒಂದಿದ್ದರೆ ಹೆಸರು ಕೇಳಿ ತಿಳಿದು, ಆ ಹೆಸರನ್ನೂ ಕೂಗಿರಿ. ಮತ್ತೆ, ಮನೆಗೆ ಬಂದು ಟ್ರಂಕು ತೆರೆದಾಗ ನಿಮ್ಮ ಓಣಿಯಲ್ಲಿ ಖಣ ತಲುಪದ ಮನೆ ಯಾವುದೆಂದು ಎಣಿಸಿ ನೋಡಿರಿ. ಆ ಮನೆಯ ಮೆಟ್ಟಿಲವರೆಗೆ ಹೋದವರು ಅಲ್ಲಿಂದ ತಿರುಗಬೇಡಿರಿ, ಒಳಗೆ ಹೋಗಿರಿ.